2030ರ ಪಿಕ್‌ಗೆ ಹಾಕಿರುವ ಬೀಗ ತೆಗೆಯಬೇಡಿ

ಸೆಪ್ಟೆಂಬರ್ 20, 2025
ಫೋಲ್ಸಮ್, ಕ್ಯಾಲಿಫೋರ್ನಿಯಾ

ಸ್ಯಾಕ್ರಮೆಂಟೊ ಕಿಂಗ್ಸ್ ಬ್ಯಾಸ್ಕೆಟ್‌ಬಾಲ್ ಟೀಮಿನ ಮಾಲೀಕರಾದ ವಿವೇಕ್ ರಣದಿವೆ ಅವರಿಗೆ, ಜನರಲ್ ಮ್ಯಾನೇಜರ್ ಸ್ಕಾಟ್ ಪೆರಿ ಅವರಿಗೆ,

ನಮಸ್ಕಾರ.

ಈ ಪತ್ರ ನಿಮ್ಮಿಬ್ಬರ ಕಣ್ಣಿಗೆ ಬೀಳುವುದು ಅನುಮಾನ. ಬಿದ್ದರೂ ಯಾರಾದರೂ ಓದಿ ಹೇಳಬೇಕಾಗುತ್ತದೇನೋ. ಆದರೂ ಕನ್ನಡದಲ್ಲೇ ಬರೆಯುತ್ತೇನೆ, ಯಾಕೆಂದರೆ ಈ ಟೀಮಿನ ಮೇಲಿನ ಸಿಟ್ಟು ನನಗೆ ಇಂಗ್ಲಿಷಿನಲ್ಲಿ ಸರಿಯಾಗಿ ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಮೂರು ವಾರದ ಹಿಂದೆ ಗಣೇಶನ ಹಬ್ಬದ ಊಟಕ್ಕೆ ಇಲ್ಲಿನ ನಾಲ್ಕೈದು ಕನ್ನಡದ ಮನೆಯವರು ಸೇರಿದ್ದೆವು. ಕಡುಬು ತಟ್ಟೆಯಲ್ಲೇ ತಣ್ಣಗಾಯಿತು, ನಾವು ಕುಮಿಂಗಾ ಎಂಬ ಆಟಗಾರನನ್ನು ಕಿಂಗ್ಸ್‌ಗೆ ತರಬೇಕೋ ಬೇಡವೋ ಎಂದು ಜಗಳ ಆಡುತ್ತಾ ಕೂತೆವು. ಅರ್ಧ ಜನ ತರಲೇಬೇಕು ಅಂದರು, ಇನ್ನರ್ಧ ಜನ ಖಂಡಿತ ಬೇಡ ಅಂದರು. ನಾನು ಮಧ್ಯದಲ್ಲಿ ಏನೋ ಹೇಳಲು ಹೋಗಿ ಎರಡೂ ಕಡೆಯಿಂದ ಬೈಸಿಕೊಂಡೆ. ಆವತ್ತು ಹೇಳಲು ಬಿಡದ ಮಾತು ಇದು.

ಗೊತ್ತಿಲ್ಲದವರಿಗೆ ವಿಷಯ ಏನೆಂದು ಹೇಳಿಬಿಡುತ್ತೇನೆ. ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನಲ್ಲಿ ಜೊನಾಥನ್ ಕುಮಿಂಗಾ ಎಂಬ ಹುಡುಗ ಇದ್ದಾನೆ. ಕಾಂಗೋ ದೇಶದವನು, ವಯಸ್ಸು 22. 2021ರ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ಏಳನೆಯವನಾಗಿ ಆಯ್ಕೆಯಾದವನು. ಅವನ ಮೊದಲ ಕಾಂಟ್ರಾಕ್ಟ್ ಮುಗಿದಿದೆ, ಹೊಸದಕ್ಕೆ ವಾರಿಯರ್ಸ್ ಜೊತೆ ಇಡೀ ಬೇಸಿಗೆ ಜಗ್ಗಾಟ ನಡೆದಿದೆ. ಅವನು ಪೂರ್ತಿ ಸ್ವತಂತ್ರನಲ್ಲ, ಬೇರೆ ಟೀಮ್ ಯಾವ ಮೊತ್ತ ಹೇಳಿದರೂ ವಾರಿಯರ್ಸ್ ಅಷ್ಟೇ ಕೊಟ್ಟು ಉಳಿಸಿಕೊಳ್ಳಬಹುದು. ನಮ್ಮ ಕಿಂಗ್ಸ್ ಹತ್ತಿರ ಸ್ಯಾಲರಿ ಕ್ಯಾಪ್‌ನಲ್ಲಿ (ಟೀಮಿನ ಒಟ್ಟು ಸಂಬಳಕ್ಕೆ ಲೀಗ್ ಹಾಕಿರುವ ಮಿತಿ) ಜಾಗವೇ ಇಲ್ಲದ್ದರಿಂದ ನೇರವಾಗಿ ಆಫರ್ ಕೊಡಲೂ ಆಗುವುದಿಲ್ಲ. ಉಳಿದ ದಾರಿ ಒಂದೇ. ವಾರಿಯರ್ಸ್ ಅವನಿಗೆ ಸಹಿ ಹಾಕಿಸಿ ಆ ಕೂಡಲೇ ನಮಗೆ ಕಳಿಸಬೇಕು, ನಾವು ಬದಲಿಗೆ ಏನಾದರೂ ಕೊಡಬೇಕು. ಸುದ್ದಿಯಲ್ಲಿ ಬಂದಿರುವ ಪ್ರಕಾರ ನೀವು ಅವನಿಗೆ ಮೂರು ವರ್ಷಕ್ಕೆ 63 ಮಿಲಿಯನ್ ಡಾಲರ್ ಕೊಡಲು ತಯಾರು. ವಾರಿಯರ್ಸ್‌ಗೆ ಕೊಡುವುದು ನಮ್ಮ ಆಟಗಾರ ಮಾಲಿಕ್ ಮಾಂಕ್, ಜೊತೆಗೆ 2030ರ ಡ್ರಾಫ್ಟ್‌ನ ಮೊದಲ ಸುತ್ತಿನ ಪಿಕ್, ಅಂದರೆ ಹುಡುಗನನ್ನು ಆರಿಸುವ ನಮ್ಮ ಸರದಿ. ಆ ಪಿಕ್‌ಗೆ ಲಾಟರಿ ಪ್ರೊಟೆಕ್ಷನ್, ಅಂದರೆ ನಾವು ಕೆಟ್ಟದಾಗಿ ಆಡಿದ ವರ್ಷ ಅದು ನಮ್ಮಲ್ಲೇ ಉಳಿಯುವ ಬೀಗ, ಇರಬೇಕು ಎನ್ನುವುದು ನಿಮ್ಮ ಷರತ್ತು. ಪ್ರೊಟೆಕ್ಷನ್ ಬೇಡ, ಪಿಕ್ ಷರತ್ತಿಲ್ಲದೆ ಕೊಡಿ ಎನ್ನುವುದು ಅವರ ಹಠ. ಮಾತು ಅಲ್ಲಿಗೆ ನಿಂತಿದೆ.

ಐಪಿಎಲ್ ನೋಡುವವರಿಗೆ ಇದು ವಿಚಿತ್ರ ಅನಿಸಬಹುದು. ಅಲ್ಲಿ ಆರ್‌ಸಿಬಿ 2023ರಲ್ಲಿ ಮುಂಬೈಗೆ 17.5 ಕೋಟಿ ಕೊಟ್ಟು ಕ್ಯಾಮರಾನ್ ಗ್ರೀನ್‌ನನ್ನು ತಂದಿತು, ಮುಗಿಯಿತು, ಮುಂದಿನ ದೊಡ್ಡ ಹರಾಜಿಗೆ ಮೊದಲು ಬಿಟ್ಟೂ ಬಿಟ್ಟಿತು. ಇಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಬರೀ ದುಡ್ಡು ಸುರಿದು ದೊಡ್ಡ ಆಟಗಾರನನ್ನು ತರಲು ಆಗುವುದಿಲ್ಲ. ಸಂಬಳಕ್ಕೆ ಸಂಬಳ ತೂಗಬೇಕು. ಹೀಗೆ ಸಹಿ ಹಾಕಿಸಿ ಕಳಿಸುವ ವ್ಯವಹಾರದಲ್ಲಂತೂ ಕಾಂಟ್ರಾಕ್ಟ್ ಮೂರು ವರ್ಷಕ್ಕಿಂತ ಕಡಿಮೆ ಇರುವ ಹಾಗಿಲ್ಲ. ತರುವ ಟೀಮಿನ ಒಟ್ಟು ಸಂಬಳ ಆ ವರ್ಷ ಕ್ಯಾಪ್‌ಗಿಂತ ಮೇಲಿನ ಇನ್ನೊಂದು ಮಿತಿ ದಾಟುವ ಹಾಗೂ ಇಲ್ಲ, ಈ ಸಲ ಅದು ಸುಮಾರು 196 ಮಿಲಿಯನ್. ಇನ್ನೊಂದು ಕಿರಿಕಿರಿ, ಸಂಬಳ ಒಂದೇ ಸಲಕ್ಕೆ ಇಷ್ಟು ಏರಿದರೆ ಕಳಿಸುವ ಟೀಮಿನ ಲೆಕ್ಕದಲ್ಲಿ ಅದರ ಅರ್ಧ ಮಾತ್ರ ಹಿಡಿಯುತ್ತಾರೆ. ಅಂದರೆ ನಮಗೆ ಕುಮಿಂಗಾ 21 ಮಿಲಿಯನ್‌ನವನು, ವಾರಿಯರ್ಸ್ ತಕ್ಕಡಿಯಲ್ಲಿ ಹತ್ತೂವರೆಯವನು. ಮಾಂಕ್ ಸಂಬಳ ಸುಮಾರು 19 ಮಿಲಿಯನ್. ಇಷ್ಟು ಬಿಗಿಯಾದ ಲೆಕ್ಕ ಇರುವುದರಿಂದಲೇ ಇದು ಜುಲೈನಿಂದ ಎಳೆಯುತ್ತಿದೆ.

ಈಗ ತೂಗೋಣ. ಮೊದಲು ಕುಮಿಂಗಾ ಕಡೆಯ ತಟ್ಟೆ.

ನಮ್ಮ ಟೀಮ್ ನೋಡಿ. ಡಿಮಾರ್ ಡಿರೋಜನ್‌ಗೆ 36 ಆಯಿತು. ಜ್ಯಾಕ್ ಲವೀನ್‌ಗೆ 30, ಡೊಮಾಂಟಾಸ್ ಸಬೋನಿಸ್‌ಗೆ 29. ಕೀಗನ್ ಮರ್ರಿ ಒಬ್ಬನನ್ನು ಬಿಟ್ಟರೆ ಎತ್ತರವೂ ಇದ್ದು, ಓಡಲೂ ಬಂದು, ಎದುರಾಳಿಯ ದೊಡ್ಡ ಫಾರ್ವರ್ಡ್‌ಗೆ ಅಡ್ಡ ನಿಲ್ಲಬಲ್ಲ ಹುಡುಗ ಯಾರಿದ್ದಾರೆ? ಕುಮಿಂಗಾ ಅಂಥವನು. ಬುಟ್ಟಿ ಕಡೆ ಅವನು ನುಗ್ಗಿದರೆ ತಡೆಯುವುದು ಕಷ್ಟ, ಒಂದೋ ಡಂಕ್, ಇಲ್ಲಾ ಫೌಲ್. ಮೇ ತಿಂಗಳಲ್ಲಿ ಮಿನ್ನೆಸೋಟ ಎದುರಿನ ಪ್ಲೇಆಫ್ ಸರಣಿಯಲ್ಲಿ ವಾರಿಯರ್ಸ್‌ನ ದೊಡ್ಡ ತಾರೆ ಸ್ಟೆಫ್ ಕರ್ರಿ ಮೊದಲ ಪಂದ್ಯದಲ್ಲೇ ತೊಡೆ ಹಿಡಿದುಕೊಂಡು ಹೊರಗೆ ಹೋದ. ಆಮೇಲೆ ಆ ಟೀಮಿನ ಭಾರವನ್ನು ಈ ಹುಡುಗನೂ ಹೊತ್ತ. ಮೂರನೇ ಪಂದ್ಯದಲ್ಲಿ 30 ಅಂಕ, ನಾಲ್ಕನೆಯದರಲ್ಲಿ 23, ಐದನೆಯದರಲ್ಲಿ 26. ಸರಣಿ ಸೋತರು, ನಿಜ. ಆದರೆ 22ರ ಹುಡುಗ ಪ್ಲೇಆಫ್‌ನಲ್ಲಿ ಅಷ್ಟು ಹೊಡೆಯುವುದು ದಿನಾ ನೋಡಲು ಸಿಗುವುದಿಲ್ಲ.

ಅದೇ ಹುಡುಗನನ್ನು ಅದಕ್ಕೆ ಮೂರು ವಾರ ಮುಂಚೆ ಏನು ಮಾಡಿದರು ಗೊತ್ತಾ? ಸೀಸನ್ನಿನ ಕೊನೆಯ ಪಂದ್ಯದಲ್ಲಿ ಒಂದು ನಿಮಿಷವೂ ಆಡಿಸಲಿಲ್ಲ. ಪ್ಲೇ-ಇನ್‌ನಲ್ಲೂ (ಪ್ಲೇಆಫ್‌ಗೆ ಯಾರು ಹೋಗಬೇಕೆಂದು ತೀರ್ಮಾನಿಸುವ ಪಂದ್ಯ) ಬೆಂಚೇ. ಕೋಚ್ ಸ್ಟೀವ್ ಕೆರ್ ಕಡೆಯ ವಾದ ಇಷ್ಟು: ಜಿಮ್ಮಿ ಬಟ್ಲರ್, ಡ್ರೇಮಂಡ್ ಗ್ರೀನ್ ಇಬ್ಬರೂ ದೂರದಿಂದ ಹೊಡೆಯುವವರಲ್ಲ, ಅವರ ಜೊತೆ ಕುಮಿಂಗಾನೂ ನಿಂತರೆ ಬುಟ್ಟಿಯ ಮುಂದೆ ಸಂತೆ. ಹೋದ ಸೀಸನ್ ಅವನ ಮೂರಂಕದ ಹೊಡೆತ ಹತ್ತಕ್ಕೆ ಮೂರರ ಹತ್ತಿರ ಇತ್ತು. ಸರಿ, ಈಗ ನಮ್ಮ ಮನೆ ನೋಡಿಕೊಳ್ಳಿ. ಸಬೋನಿಸ್ ಬುಟ್ಟಿ ಹತ್ತಿರ ಆಡುವವನು. ಡಿರೋಜನ್ ಹದಿನೈದು ಅಡಿಯಿಂದ ಹೊಡೆಯುವವನು, ಅದರಲ್ಲಿ ಅವನಂಥ ಕಲಾವಿದ ಇನ್ನೊಬ್ಬನಿಲ್ಲ, ಆದರೆ ಮೂರಂಕಕ್ಕೆ ಅವನಿಗೆ ಅಷ್ಟು ಮನಸ್ಸಿಲ್ಲ. ಅಲ್ಲಿಗೆ ಕುಮಿಂಗಾನೂ ಬಂದರೆ ಒಂದೇ ಒಲೆಯ ಮುಂದೆ ಮೂರು ಜನ ಸೌಟು ಹಿಡಿದು ನಿಂತ ಹಾಗೆ. ವಾರಿಯರ್ಸ್‌ನಲ್ಲಿ ಇರುವ ಕಾಯಿಲೆಯೇ ಇಲ್ಲೂ ಇದೆ, ಡಾಕ್ಟರ್ ಮಾತ್ರ ಬೇರೆ. ಅವನು ಇಲ್ಲಿ ಅರಳಬೇಕಾದರೆ ಡಿರೋಜನ್ ಹೋಗಬೇಕು, ಇಲ್ಲವೇ ಬೆಂಚಿಂದ ಬರಬೇಕು. ಅದಕ್ಕೆ ನಿಮ್ಮ ಹತ್ತಿರ ಏನು ಪ್ಲಾನ್ ಇದೆ? ಕುಮಿಂಗಾ ಬಗ್ಗೆ ಇಷ್ಟು ಸುದ್ದಿ ಬಂತು, ಇದರ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನು ಮಾಂಕ್. ಇಲ್ಲಿ ನಾನು ತಕ್ಕಡಿ ಸರಿಯಾಗಿ ಹಿಡಿಯುತ್ತೇನೆ ಎಂದು ನಂಬಬೇಡಿ. ನಮ್ಮ ಮನೆಯಲ್ಲಿ ಮಾಂಕ್ ಜೆರ್ಸಿ ಎರಡಿವೆ, ಒಂದು ಮಗನದು, ಇನ್ನೊಂದು ಅವನು ಬೆಳೆದ ಮೇಲೆ ತಂಗಿಗೆ ದಾಟಿದ್ದು. 2023ರ ಏಪ್ರಿಲ್‌ನಲ್ಲಿ ಈ ಊರಿಗೆ ಹದಿನೇಳು ವರ್ಷದ ಮೇಲೆ ಪ್ಲೇಆಫ್ ಬಂತು, ಎದುರಿಗೆ ಇದೇ ವಾರಿಯರ್ಸ್. ಮೊದಲ ರಾತ್ರಿ ಬೆಂಚಿಂದ ಎದ್ದು ಬಂದ ಮಾಂಕ್ 32 ಅಂಕ ಹೊಡೆದ. ಅದು ಅವನ ಮೊಟ್ಟಮೊದಲ ಪ್ಲೇಆಫ್ ಪಂದ್ಯ. ಆ ರಾತ್ರಿ ಗೆದ್ದದ್ದಕ್ಕೆ ಆಕಾಶಕ್ಕೆ ಬಿಟ್ಟ ನೇರಳೆ ಬಣ್ಣದ ಬೆಳಕಿನ ಬೀಮ್ ನೋಡಲು ನಾವು ಕಾರು ತೆಗೆದುಕೊಂಡು ಹೊರಟೆವು, ಫ್ರೀವೇ ಪಕ್ಕದ ಒಂದು ಪೆಟ್ರೋಲ್ ಬಂಕಿನಲ್ಲಿ ಗುರುತಿಲ್ಲದ ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. (ಆ ಸರಣಿಯ ಏಳನೇ ಪಂದ್ಯದಲ್ಲಿ ಕರ್ರಿ ನಮ್ಮ ಕೋರ್ಟಿನಲ್ಲೇ 50 ಹೊಡೆದದ್ದನ್ನು ನಾನು ಬರೆಯುವುದಿಲ್ಲ. ಬರೆದುಬಿಟ್ಟೆನಾ?) 2024ರಲ್ಲಿ ಮಾಂಕ್ ಬೇರೆ ಟೀಮ್ ಹುಡುಕಿಕೊಂಡು ಹೋಗಬಹುದಿತ್ತು. ನಾಲ್ಕು ವರ್ಷಕ್ಕೆ 78 ಮಿಲಿಯನ್ ಸಾಕು ಎಂದು ಇಲ್ಲೇ ನಿಂತ. ಕಾಲೇಜಿನ ಗೆಳೆಯ ಡಿಏರನ್ ಫಾಕ್ಸ್ ಇಲ್ಲಿದ್ದಾನೆ ಎನ್ನುವುದೂ ಅವನ ಮನಸ್ಸಿನಲ್ಲಿ ಇದ್ದಿರಬೇಕು. ವರ್ಷ ತುಂಬುವುದರೊಳಗೆ ನೀವು ಫಾಕ್ಸ್‌ನನ್ನು ಸ್ಯಾನ್ ಆಂಟೋನಿಯೊಗೆ ಕಳಿಸಿದಿರಿ.

ಭಾವನೆ ಪಕ್ಕಕ್ಕಿಡೋಣ, ಪ್ರಯತ್ನ ಮಾಡುತ್ತೇನೆ. ಹೋದ ಸೀಸನ್ ಮಾಂಕ್ ಪಂದ್ಯಕ್ಕೆ 17 ಅಂಕದ ಮೇಲೆ ಹೊಡೆದ, ಐದಕ್ಕಿಂತ ಜಾಸ್ತಿ ಅಸಿಸ್ಟ್ ಕೊಟ್ಟ. ಫಾಕ್ಸ್ ಹೋದ ಮೇಲೆ ಚೆಂಡು ತಂದು ಆಟ ಕಟ್ಟುವ ಕೆಲಸ ಅವನ ತಲೆಗೆ ಬಂತು. ಅದು ಅವನ ಕೆಲಸವಲ್ಲ, ಅದು ಎಲ್ಲರಿಗೂ ಕಾಣುತ್ತಿತ್ತು. ಈ ಬೇಸಿಗೆ ಡೆನ್ನಿಸ್ ಶ್ರೋಡರ್‌ನನ್ನು ತಂದಿದ್ದೀರಿ, ಒಳ್ಳೆಯದು. ಆದರೆ ಮಾಂಕ್ ಹೋದರೆ ಶ್ರೋಡರ್ ಕೂತ ನಿಮಿಷಗಳಲ್ಲಿ ಆಟ ಕಟ್ಟುವವರು ಯಾರು? ಡೆವಿನ್ ಕಾರ್ಟರ್ ಇನ್ನೂ ಕಲಿಯುವ ಹುಡುಗ. ಅವನನ್ನೂ ಜುಲೈನಲ್ಲಿ ಇದೇ ಕುಮಿಂಗಾಗಾಗಿ ಕೊಡಲು ಹೊರಟಿದ್ದಿರಿ ಎಂದು ಸುದ್ದಿ ಬಂದಿತ್ತು, ಪಾಪ, ಅವನು ಯಾವ ಮುಖ ಹೊತ್ತು ಪ್ರಾಕ್ಟೀಸಿಗೆ ಬರಬೇಕು. ಇಷ್ಟೆಲ್ಲ ಹೇಳಿಯೂ ಒಪ್ಪುತ್ತೇನೆ: ಮಾಂಕ್‌ಗೆ 27, ಆರಡಿ ಮೂರಿಂಚಿನ ಗಾರ್ಡ್, ಡಿಫೆನ್ಸ್ ಅಷ್ಟಕ್ಕಷ್ಟೆ. ಕುಮಿಂಗಾಗೆ 22. ಬರೀ ಮಾಂಕ್‌ಗೆ ಕುಮಿಂಗಾ ಎಂದರೆ ನಾನು ಬೈದುಕೊಂಡು, ಮಗನಿಗೆ ಸಮಾಧಾನ ಹೇಳಿ, ಸಹಿ ಹಾಕುತ್ತಿದ್ದೆ. ಇಲ್ಲಿಗೆ ತಕ್ಕಡಿ ಹೆಚ್ಚುಕಮ್ಮಿ ಸಮ.

ಹಾಗಾದರೆ ಎಲ್ಲವೂ ಬಂದು ನಿಲ್ಲುವುದು ಆ ಪಿಕ್ ಮೇಲೆ. ನಾನು ಪತ್ರ ಬರೆಯುತ್ತಿರುವುದೂ ಅದಕ್ಕೇ.

ಲಾಟರಿ ಪ್ರೊಟೆಕ್ಷನ್ ಅಂದರೆ ಪಿಕ್‌ಗೆ ಒಂದು ಬೀಗ. ಪ್ಲೇಆಫ್‌ಗೆ ಹೋಗದ 14 ಟೀಮ್‌ಗಳು ಲಾಟರಿಯಲ್ಲಿ ಇರುತ್ತವೆ, ಒಳ್ಳೊಳ್ಳೆ ಹುಡುಗರು ಸಿಗುವುದು ಅಲ್ಲೇ. ಆ ವರ್ಷ ನಾವು ಆ 14ರಲ್ಲಿ ಬಿದ್ದರೆ ಬೀಗ ಹಾಕಿದ ಪಿಕ್ ನಮ್ಮ ಹತ್ತಿರವೇ ಉಳಿಯುತ್ತದೆ. ಬೀಗ ಇಲ್ಲದಿದ್ದರೆ ನಾವು ಲೀಗಿನಲ್ಲೇ ಕೊನೆಗೆ ಬಂದು ನಂಬರ್ ಒನ್ ಪಿಕ್ ಸಿಕ್ಕರೂ ಅದು ವಾರಿಯರ್ಸ್‌ಗೆ.

ಈಗ ನಮ್ಮ ಜಾತಕ ತೆಗೆಯಿರಿ. 2006-07ರಿಂದ 2021-22ರವರೆಗೆ 16 ಸೀಸನ್ ಒಂದು ಸಲವೂ ಪ್ಲೇಆಫ್ ಕಾಣಲಿಲ್ಲ. ಎನ್‌ಬಿಎ ಚರಿತ್ರೆಯಲ್ಲೇ ಅದು ದಾಖಲೆ. 2023ರಲ್ಲಿ ಒಂದು ಸಲ ಹೋದೆವು. 2024ರಲ್ಲಿ ಪ್ಲೇ-ಇನ್‌ನಲ್ಲಿ ಸೋತೆವು, 2025ರಲ್ಲೂ ಪ್ಲೇ-ಇನ್‌ನಲ್ಲೇ, ಅದೂ ಮನೆಯಲ್ಲಿ, ಡಾಲಸ್ ಎದುರು. ಅಂದರೆ 19 ಸೀಸನ್ನಿನಲ್ಲಿ 18 ಸಲ ಲಾಟರಿ. ಇಂಥ ಮನೆಯವರು ಬೀಗ ತೆಗೆದು ಕೊಡುವ ಮಾತನ್ನೇ ಆಡಬಾರದು, ಅಲ್ವಾ?

ಹಳೆಯದು ಬಿಡಿ, ಈ ಜೂನ್‌ನಲ್ಲೇ ಆದದ್ದನ್ನು ನೆನಪು ಮಾಡಿಕೊಳ್ಳಿ. 2022ರಲ್ಲಿ ಅಟ್ಲಾಂಟಾದಿಂದ ಕೆವಿನ್ ಹರ್ಟರ್‌ನನ್ನು ತಂದಾಗ ಒಂದು ಪಿಕ್ ಕೊಟ್ಟಿದ್ದೆವು, ಬೀಗ ಹಾಕಿಯೇ. 2024ರಲ್ಲಿ ಆ ಬೀಗ ಪೂರ್ತಿ ಲಾಟರಿಗೆ ಇತ್ತು. ನಮಗೆ ಬಂದದ್ದು 13ನೇ ಪಿಕ್, ಬೀಗ ಹಿಡಿಯಿತು, ಅದರಿಂದಲೇ ಕಾರ್ಟರ್ ಸಿಕ್ಕಿದ್ದು. 2025ಕ್ಕೆ ಬೀಗ ಸಡಿಲವಾಗಿ ಮೊದಲ 12ಕ್ಕೆ ಮಾತ್ರ ಇತ್ತು. ಮತ್ತೆ ನಮಗೆ ಬಂದದ್ದು 13! ಒಂದೇ ಒಂದು ನಂಬರಿನಲ್ಲಿ ಪಿಕ್ ಕೈಬಿಟ್ಟು ಅಟ್ಲಾಂಟಾಗೆ ಹೋಯಿತು. ಅಟ್ಲಾಂಟಾ ಅದೇ ರಾತ್ರಿ ಅದನ್ನು ನ್ಯೂ ಆರ್ಲಿಯನ್ಸ್‌ಗೆ ದಾಟಿಸಿ, 23ನೇ ಪಿಕ್ ಜೊತೆಗೆ 2026ರ ಬೀಗವಿಲ್ಲದ ಮೊದಲ ಸುತ್ತಿನ ಪಿಕ್ ಒಂದನ್ನು ಜೇಬಿಗೆ ಹಾಕಿಕೊಂಡಿತು. ಆಗ ಹರ್ಟರ್ ಎಲ್ಲಿದ್ದ? ಫೆಬ್ರವರಿಯಲ್ಲೇ ಫಾಕ್ಸ್ ಟ್ರೇಡಿನ ಗಂಟಿನಲ್ಲಿ ಅವನನ್ನೂ ಕಟ್ಟಿ ಶಿಕಾಗೊಗೆ ಕಳಿಸಿಯಾಗಿತ್ತು. ಸಾಮಾನು ಮನೆಯಿಂದ ಹೋದ ಮೇಲೆ ಅದರ ಸಾಲ ತೀರಿಸಿದೆವು.

ಅದೇ ಫಾಕ್ಸ್ ಟ್ರೇಡಿನಲ್ಲಿ ನಮಗೆ ಬಂದ ಪಿಕ್‌ಗಳಲ್ಲಿ ಶಾರ್ಲೆಟ್‌ನದೂ ಒಂದಿತ್ತು. ಅದಕ್ಕೆ ಶಾರ್ಲೆಟ್ ಲಾಟರಿ ಬೀಗ ಹಾಕಿತ್ತು. ಶಾರ್ಲೆಟ್ 19 ಗೆದ್ದು 63 ಸೋತಿತು, ಬೀಗ ಭದ್ರವಾಗಿ ನಿಂತಿತು, ನಮ್ಮ ಮೊದಲ ಸುತ್ತಿನ ಪಿಕ್ ಎರಡನೇ ಸುತ್ತಿನ ಚಿಲ್ಲರೆ ಆಗಿಹೋಯಿತು. ಬೇರೆಯವರ ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ನಾವೇ ಅನುಭವಿಸಿದ್ದೇವೆ. ನಮ್ಮದನ್ನು ಯಾಕೆ ತೆಗೆಯಬೇಕು?

ವಿವೇಕ್ ಅವರೇ, 2015 ನಿಮಗೆ ಮರೆತಿರಲಿಕ್ಕಿಲ್ಲ, ಆಗ ಪೆರಿ ಅವರು ಇಲ್ಲಿರಲಿಲ್ಲ. ಕ್ಯಾಪ್‌ನಲ್ಲಿ ಜಾಗ ಬೇಕೆಂದು ಫಿಲಡೆಲ್ಫಿಯಾಗೆ ಮೂರು ಆಟಗಾರರನ್ನು ಕಳಿಸಿದಿರಿ, ಅದರಲ್ಲಿ ಒಬ್ಬ ಹಿಂದಿನ ವರ್ಷವಷ್ಟೇ ಎಂಟನೆಯವನಾಗಿ ಆರಿಸಿದ್ದ ಸ್ಟೌಸ್ಕಾಸ್. ಮೇಲೆ ಅವರಿಗೆ ಎರಡು ವರ್ಷ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು, ಜೊತೆಗೆ ಕೊನೆಗೆ 2019ರಲ್ಲಿ ಬೀಗವಿಲ್ಲದೆ ಹೋದ ಒಂದು ಪಿಕ್. ನಮಗೆ ಬಂದದ್ದು ಯುರೋಪಿನ ಇಬ್ಬರು ಹುಡುಗರ ಹಕ್ಕು, ಅವರಿಬ್ಬರೂ ಕಿಂಗ್ಸ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಉಳಿದ ಜಾಗದಲ್ಲಿ ರಾಂಡೊ, ಬೆಲಿನೆಲ್ಲಿ, ಕೂಫೋಸ್ ಬಂದರು. 2017ರಲ್ಲಿ ಲಾಟರಿ ನಮಗೆ ಒಲಿದು ಮೂರನೇ ಸ್ಥಾನ ಸಿಕ್ಕಿತು, ಆ ಅದಲುಬದಲಿನಿಂದ ಐದಕ್ಕೆ ಇಳಿದೆವು. ಮೂರನೇ ಸ್ಥಾನ ಕೈ ಬದಲಾಗಿ ಬಾಸ್ಟನ್‌ಗೆ ಹೋಯಿತು, ಅವರು ಮುಂದೆ ದೊಡ್ಡ ತಾರೆಯಾದ ಜೇಸನ್ ಟೇಟಮ್‌ನನ್ನು ಆರಿಸಿದರು. ನ್ಯಾಯವಾಗಿ ಹೇಳಬೇಕೆಂದರೆ ಐದರಲ್ಲಿ ನಮಗೆ ಫಾಕ್ಸ್ ಸಿಕ್ಕ, ದೇವರು ದೊಡ್ಡವನು. ಪ್ರತಿ ಸಲ ಅಷ್ಟು ದೊಡ್ಡವನಾಗಿ ಇರುತ್ತಾನೆ ಎಂದು ನಂಬಿ ವ್ಯವಹಾರ ಮಾಡಲು ಆಗುತ್ತದಾ?

2030 ತುಂಬಾ ದೂರ, ಯಾರು ಕಂಡಿದ್ದಾರೆ ಎಂದು ಹಬ್ಬದ ದಿನ ಒಬ್ಬರು ಅಂದರು. ದೂರ ಇರುವುದೇ ಭಯ. ಕುಮಿಂಗಾನ ಮೂರು ವರ್ಷ 2028ಕ್ಕೆ ಮುಗಿಯುತ್ತದೆ. ಸಬೋನಿಸ್ ಕಾಂಟ್ರಾಕ್ಟ್ ಕೂಡ 2028ಕ್ಕೇ. ಲವೀನ್‌ದು ಅದಕ್ಕೂ ಒಂದು ವರ್ಷ ಮೊದಲು. ಅಂದರೆ ಆ ಪಿಕ್ ಕೊಡುವ ದಿನ ಬರುವಷ್ಟರಲ್ಲಿ ಅದನ್ನು ಕೊಟ್ಟು ತಂದವನೂ ಇಲ್ಲಿರುತ್ತಾನೆ ಎನ್ನುವ ಖಾತ್ರಿ ಇಲ್ಲ, ಈಗಿನ ಟೀಮಿನ ಯಾರೂ ಇರುತ್ತಾರೆ ಎನ್ನುವ ಖಾತ್ರಿಯೂ ಇಲ್ಲ. ಆಗ ನಾವು ಹೊಸದಾಗಿ ಪಾಯ ಹಾಕುತ್ತಿರುತ್ತೇವೆ, ಒಳ್ಳೆಯ ಪಿಕ್ ಬೇಕಾಗುವುದು ಸರಿಯಾಗಿ ಆ ವರ್ಷವೇ. ಅತ್ತ ವಾರಿಯರ್ಸ್ ಲೆಕ್ಕವೂ ಅದೇ. 2030ಕ್ಕೆ ಕರ್ರಿಗೆ 42. ಅವನು ನಿಂತ ಮೇಲೆ ಬರುವ ಬರಗಾಲಕ್ಕೆ ಅವರು ಈಗಲೇ ಕಣಜ ತುಂಬಿಕೊಳ್ಳುತ್ತಿದ್ದಾರೆ. ಬುದ್ಧಿವಂತರು. ಎರಡು ಗಂಟೆ ದಾರಿಯ ಪಕ್ಕದೂರಿನವರ ಕಣಜಕ್ಕೆ ನಾವು ಭತ್ತ ಹೊರುವುದು ಬೇಡ.

ಬೀಗ ಹಿಡಿದು ಕೂತರೆ ಹುಡುಗ ಕೈತಪ್ಪುತ್ತಾನೆ ಎನ್ನುವ ಭಯ ನಿಮಗಿರಬಹುದು. ನಿಜವಾದ ಭಯವೇ. ಅಕ್ಟೋಬರ್ 1 ಹತ್ತಿರ ಬಂತು. ಅಷ್ಟರೊಳಗೆ ಅವನು ವಾರಿಯರ್ಸ್ ಮುಂದಿಟ್ಟಿರುವ ಸುಮಾರು 8 ಮಿಲಿಯನ್‌ನ ಒಂದು ವರ್ಷದ ಕ್ವಾಲಿಫೈಯಿಂಗ್ ಆಫರ್ ಒಪ್ಪಿಕೊಂಡರೆ ಮುಂದಿನ ಬೇಸಿಗೆಗೆ ಪೂರ್ತಿ ಸ್ವತಂತ್ರ, ಈ ವರ್ಷ ಅವನು ಬೇಡ ಎಂದ ಟ್ರೇಡ್ ನಡೆಯುವುದೂ ಇಲ್ಲ. ಆಗ ಕ್ಯಾಪ್ ಜಾಗ ಇರುವ ಟೀಮ್ ಬೇರೆ ಇರುತ್ತದೆ, ನಾವು ಇರುವುದಿಲ್ಲ. ಆದರೆ ಆ ದಾರಿಯಲ್ಲಿ ವಾರಿಯರ್ಸ್ ಕೈಯೂ ಖಾಲಿ. ಮಾಂಕ್ ಇಲ್ಲ, ಪಿಕ್ ಇಲ್ಲ, ಮುಂದಿನ ವರ್ಷ ಹುಡುಗನೂ ಇಲ್ಲ. ಅವರಿಗೂ ನಿದ್ದೆ ಬರುತ್ತಿಲ್ಲ. ಮೊದಲು ಕಣ್ಣು ಮಿಟುಕಿಸುವವರು ನಾವೇ ಆಗಬೇಕು ಎಂದು ಎಲ್ಲಿ ಬರೆದಿದೆ? ಅವನು ವಾರಿಯರ್ಸ್ ಜೊತೆಗೇ ಚಿಕ್ಕ ಕಾಂಟ್ರಾಕ್ಟಿಗೆ ಒಪ್ಪಿದರೆ ಇನ್ನೂ ಒಳ್ಳೆಯದು, ಫೆಬ್ರವರಿಯ ಟ್ರೇಡ್ ಗಡುವಿನ ಮುಂಚೆ ಮತ್ತೆ ಮಾತಾಡಬಹುದು. ಆಗ ಅರ್ಧ ಸಂಬಳದ ಈ ತಕ್ಕಡಿ ಗೋಳು ಕಡಿಮೆಯಾಗಿರುತ್ತದೆ, ನಮ್ಮ ಟೀಮಿಗೆ ಏನು ಬೇಕು ಎನ್ನುವುದೂ ಮೂವತ್ತು ನಲವತ್ತು ಪಂದ್ಯ ಆದ ಮೇಲೆ ಗೊತ್ತಾಗಿರುತ್ತದೆ.

ನನ್ನ ಕೈಯಲ್ಲಿ ಪೆನ್ನಿದ್ದರೆ ಏನು ಕೊಡುತ್ತೇನೆ ಎಂದು ಕೇಳಿದರೆ, ಮಾಂಕ್ ಮತ್ತು ಬೀಗ ಹಾಕಿದ 2030ರ ಪಿಕ್. ಜಗ್ಗಿದರೆ ಒಂದೆರಡು ಎರಡನೇ ಸುತ್ತಿನ ಪಿಕ್ ಮೇಲೆ ಹಾಕುತ್ತೇನೆ, ಸೊಪ್ಪಿನವಳು ಕೊನೆಗೆ ಕೊತ್ತಂಬರಿ ಕೊಟ್ಟ ಹಾಗೆ. ಅದಕ್ಕೂ ಬಗ್ಗದಿದ್ದರೆ ಫೋನ್ ಇಡುತ್ತೇನೆ.

ನನಗೆ ಇದನ್ನೆಲ್ಲ ಹೇಳುವ ಹಕ್ಕು ಎಲ್ಲಿಂದ ಬಂತು ಎಂದು ಕೇಳಬಹುದು. 2013ರಲ್ಲಿ ಈ ಟೀಮ್ ಸಿಯಾಟಲ್‌ಗೆ ಗಂಟುಮೂಟೆ ಕಟ್ಟಿತ್ತು. ನೀವು ಬಂದು ಕೊಂಡಿರಿ, ಇಲ್ಲೇ ಉಳಿಸಿದಿರಿ, ಆ ಋಣ ಈ ಊರು ಮರೆತಿಲ್ಲ. ಊರೂ ಸುಮ್ನೆ ಕೂರಲಿಲ್ಲ, ಪಾರ್ಕಿಂಗ್ ಆದಾಯ ನಂಬಿಕೊಂಡು ಸಾಲ ಎತ್ತಿ ಹೊಸ ಅರೀನಾಗೆ ದುಡ್ಡು ಹಾಕಿತು. 2019ರಲ್ಲಿ ನೀವು ಟೀಮನ್ನು ಮುಂಬೈಗೆ ಕರೆದುಕೊಂಡು ಹೋದಿರಿ, ಎನ್‌ಬಿಎ ಟೀಮ್‌ಗಳು ಭಾರತದಲ್ಲಿ ಮೊದಲ ಸಲ ಆಡಿದ್ದು ಅದು. ನಾನು ಆಗ ರಜೆಗೆ ಬೆಂಗಳೂರಿಗೆ ಬಂದಿದ್ದೆ. ಅಕ್ಕನ ಮಗನನ್ನು ಕರೆದುಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ವರ್ಲಿಗೆ ಹೋದೆ, ಟಿಕೆಟ್ ಬೆಲೆ ಎಷ್ಟೆಂದು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಅಲ್ಲೂ ಇಂಡಿಯಾನಾ ಎದುರು ಸೋತೆವು. ಎದುರಾಳಿ ಬಣ್ಣದಲ್ಲಿ ಸಬೋನಿಸ್ ಇದ್ದ. "ಮಾವ, ನಿಮ್ಮ ಟೀಮ್ ಯಾವಾಗಲೂ ಹೀಗೇನಾ?" ಎಂದು ಹುಡುಗ ಕೇಳಿದ. ರೈಲಿನಲ್ಲಿ ವಾಪಸ್ ಬರುವಾಗ ಇಡೀ ದಾರಿ ಅವನಿಗೆ 2002ರ ಟೀಮಿನ ಕಥೆ ಹೇಳಿದೆ, ವೆಬರ್, ಡಿವಾಟ್ಸ್, ಬಿಬ್ಬಿ, ಪೇಜಾ. ರಾಯಚೂರು ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದ.

ಈಗ ಅವನೂ ಇಂಜಿನಿಯರಿಂಗ್ ಓದುತ್ತಾ ಅಲ್ಲಿಂದಲೇ ಕಿಂಗ್ಸ್ ಪಂದ್ಯ ನೋಡುತ್ತಾನೆ, ಬೆಳಗಿನ ಜಾವ ಕ್ಲಾಸಿಗೆ ಮೊದಲು. ನಿನ್ನೆ ಮೆಸೇಜ್ ಹಾಕಿದ್ದ: "ಪಿಕ್ ಕೊಟ್ರಾ?" ಇನ್ನೂ ಇಲ್ಲ ಎಂದು ಉತ್ತರ ಕೊಟ್ಟಿದ್ದೇನೆ. ಅಕ್ಟೋಬರ್ 1ರ ತನಕ ದಿನಾ ಕೇಳುತ್ತಾನೆ, ಅವನಿಗೆ ಅದೇ ಉತ್ತರ ಕೊಡುವ ಹಾಗೆ ನೋಡಿಕೊಳ್ಳಿ.

ಇಂತಿ,
ಮೇಲಿನ ಸಾಲಿನ ಅಗ್ಗದ ಸೀಟಿನಲ್ಲಿ ಕೂರುವ ಒಬ್ಬ ಕನ್ನಡಿಗ